ಒಂದೇ ನೀರು, ಹಲವು ರುಚಿ

ಶಿವಾಜಿನಗರದ ರಸೆಲ್ ಮಾರ್ಕೆಟ್ 1927ರಲ್ಲಿ ನಿರ್ಮಾಣವಾಯಿತು. ಅಲ್ಲಿಗೂ ಅದರ ಸುತ್ತಲಿನ ಬೀದಿಗಳಿಗೂ ನಾವು ಹೋಗುತ್ತಲೇ ಇರುತ್ತೇವೆ. ಆದರೆ ಕೊಳ್ಳುವ ಅವಸರದಲ್ಲಿ ನೋಡುವುದನ್ನು ಮರೆಯುತ್ತೇವೆ. ಮೂಲಂಗಿ ಬೇರು, ಮೆಂತ್ಯ ಎಲೆ, ದಂಟು ಕಾಂಡ, ಹೂಕೋಸು ಹೂವು, ಹೀರೆ ಕಾಯಿ, ಅವರೆ ಬೀಜ. ಗಿಡದ ಪ್ರತಿಯೊಂದು ಅಂಗವೂ ಮನುಷ್ಯನ ಆಹಾರವಾಗಿ ಬುಟ್ಟಿಗಳಲ್ಲಿ ಕುಳಿತಿದೆ!

ಮನುಷ್ಯನು ತನ್ನ ಆಹಾರದತ್ತ ದೃಷ್ಟಿ ಹಾಯಿಸಲಿ ಎಂಬ ಕರೆ ಪವಿತ್ರ ಕುರ್‌ಆನಿನ ಅಬಸ ಅಧ್ಯಾಯದಲ್ಲಿದೆ. ಒಂದೇ ನೀರು ಹೀರಿದರೂ ಫಲಗಳ ರುಚಿ ಬೇರೆ ಬೇರೆಯಾಗಿರುವುದನ್ನು ರಅದ್ ಅಧ್ಯಾಯದ 4ನೇ ಸೂಕ್ತವು ಚಿಂತಿಸುವವರಿಗೆ ದೃಷ್ಟಾಂತವೆನ್ನುತ್ತದೆ. ಹಾಗಲದ ಕಹಿ, ಪುಂಡಿ ಸೊಪ್ಪಿನ ಹುಳಿ, ಸೀತಾಫಲದ ಸಿಹಿ ಎಲ್ಲವೂ ಒಂದೇ ಮಳೆಯ ಮಕ್ಕಳು.

ಈ ಸಮೃದ್ಧಿಯನ್ನು ನಾವು ಹೇಗೆ ಬಳಸುತ್ತಿದ್ದೇವೆ? ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ 2019ರ ವರದಿಯಂತೆ, ಆಹಾರಕ್ಕಾಗಿ ಬೆಳೆಸಲಾದ ಸಸ್ಯಜಾತಿಗಳು ಸುಮಾರು 6000. ಆದರೆ ಜಗತ್ತಿನ ಒಟ್ಟು ಬೆಳೆಯ ಮೂರರಲ್ಲಿ ಎರಡು ಪಾಲು ಕೇವಲ 9 ಬೆಳೆಗಳಿಂದ ಬರುತ್ತದೆ. ನಮ್ಮ ಅಡುಗೆಮನೆಯ ಕಥೆಯೂ ಇದೇ: ಅಕ್ಕಿ, ಮೈದಾ, ಆಲೂಗಡ್ಡೆ. ರಾಗಿ ಬಡವರ ಊಟ, ಸೊಪ್ಪು ಅತಿಥಿಗಳ ಮುಂದಿಡುವಂಥದ್ದಲ್ಲ ಎಂಬ ಭಾವನೆ ಬೇರೆ! 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು ತೀರಾ ಅಲ್ಪ. ಬೆಳೆಯುವ ಮಕ್ಕಳಿಂದ, ಗರ್ಭಿಣಿಯರಿಂದ ಇದನ್ನು ದೂರವಿಡುವುದು ಯಾವ ಘನತೆ?

ದೊಡ್ಡ ಖರ್ಚೇನೂ ಬೇಕಿಲ್ಲ. ವಾರದಲ್ಲಿ ಮೂರು ದಿನ ಬೇರೆ ಬೇರೆ ಸೊಪ್ಪು ತನ್ನಿರಿ. ಖೀಮಾಕ್ಕೆ ಮೆಂತ್ಯ, ದಾಲ್ಚಾಕ್ಕೆ ಸೋರೆಕಾಯಿ ಧಾರಾಳವಾಗಿ ಸೇರಿಸಿರಿ. ಸೊಪ್ಪಿನೊಂದಿಗೆ ನಿಂಬೆರಸ ಬೆರೆತರೆ ಅದರ ಕಬ್ಬಿಣಾಂಶ ದೇಹಕ್ಕೆ ಹೆಚ್ಚು ದಕ್ಕುತ್ತದೆ. ಊಟವಾದ ಕೂಡಲೇ ಚಹಾ ಕುಡಿದರೆ ಅದು ಕಡಿಮೆಯಾಗುತ್ತದೆ. ಮೂಲಂಗಿಯ ಸೊಪ್ಪನ್ನು ಕಸಕ್ಕೆಸೆಯದೆ ಪಲ್ಯ ಮಾಡಿರಿ.

ಅನ್‌ಆಮ್ ಅಧ್ಯಾಯದ 141ನೇ ಸೂಕ್ತವು ತೋಟ, ಖರ್ಜೂರ, ದಾಳಿಂಬೆಗಳನ್ನು ನೆನಪಿಸಿ ಮೂರು ಮಾತು ಕಲಿಸುತ್ತದೆ: ತಿನ್ನಿರಿ, ಕೊಯ್ಲಿನ ದಿನವೇ ಅದರ ಹಕ್ಕನ್ನು ಕೊಡಿರಿ, ದುಂದು ಮಾಡಬೇಡಿರಿ. ನಗರದಲ್ಲಿರುವ ನಮಗೆ ಹೊಲವಿಲ್ಲದಿರಬಹುದು, ನೆರೆಯವರಿದ್ದಾರೆ. ಹಲಸೂರಿನ ಓಣಿಯಲ್ಲಾಗಲಿ, ಇಂದಿರಾನಗರದ ಮಹಡಿಮನೆಯಲ್ಲಾಗಲಿ, ಸಾರಿಗೆ ಇನ್ನೊಂದು ಹಿಡಿ ಸೊಪ್ಪು ಹೆಚ್ಚು ಹಾಕಿದರೆ ಪಕ್ಕದ ಮನೆಗೊಂದು ಬಟ್ಟಲು ಕಳುಹಿಸಬಹುದು. ಬಾಯಿಂದ ‘ಅಲ್‌ಹಮ್ದುಲಿಲ್ಲಾಹ್’ ಎನ್ನುವಷ್ಟೇ ಆ ಬಟ್ಟಲೂ ಕೃತಜ್ಞತೆಯಾಗಿದೆ.