ರೇಟು ಕೇಳದ ಗಿರಾಕಿ

ನಮ್ಮ ಓಣಿಯ ಅಕ್ಕಂದಿರು ಮನೆಯಲ್ಲೇ ರೊಟ್ಟಿ, ಹೋಳಿಗೆ ಮಾಡಿ ಮಾರುತ್ತಾರೆ. ಮೊನ್ನೆ ಅವರ ಮೊಬೈಲಿಗೆ ಒಂದು ಇ-ಮೇಲ್ ಬಂತು. ಎಲ್ಲರೂ ಕೂಡಿ ಓದಿದೆವು.

“500 ಹೋಳಿಗೆ ಬೇಕು. ಹಣ ಈಗಲೇ ಕೊಡುವೆ. ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ. ಪಿನ್ ಒತ್ತಿ. ಹಣ ಬರುತ್ತದೆ.”

ಐನೂರು! ನಮಗೆ ಖುಷಿಯೋ ಖುಷಿ. ಆಗ ಹಿರಿಯಕ್ಕ ಅಂದಳು:

“ಅಲ್ರವ್ವಾ, ಇಂವಾ ರೇಟೇ ಕೇಳಿಲ್ಲ. ಶೇಂಗಾ ಹೋಳಿಗೆನೋ, ಎಳ್ಳು ಹೋಳಿಗೆನೋ? ಯಾವ ಊರಿಗೆ? ಯಾವ ದಿನ? ಏನೂ ಇಲ್ಲ. ಸಂತ್ಯಾಗ ಮೆಣಸಿನಕಾಯಿ ಕೊಳ್ಳೋರೂ ಚೌಕಾಸಿ ಮಾಡ್ತಾರ!”

ಹೌದಲ್ಲ! ಹಣ ಬರಲು ಪಿನ್ ಬೇಡ. ಪಿನ್ ಒತ್ತಿದರೆ ನಮ್ಮ ಖಾತೆಯ ಹಣವೇ ಹೋಗುತ್ತದೆ.

ನಾವು ಸ್ಕ್ಯಾನ್ ಮಾಡಲಿಲ್ಲ. “ನಿಮ್ಮ ಊರು ಯಾವುದು?” ಎಂದು ಬರೆದೆವು. ಉತ್ತರ ಬರಲಿಲ್ಲ.

ಹಣ ಹೋಗಿಬಿಟ್ಟಿದ್ದರೆ? ನಾಚಿಕೆಪಟ್ಟು ಸುಮ್ಮನೆ ಕೂರಬಾರದು. ಕೂಡಲೇ 1930ಕ್ಕೆ ಫೋನ್ ಮಾಡಬೇಕು. ಬ್ಯಾಂಕಿಗೂ ಹೇಳಬೇಕು.