ಬ್ಯಾಂಕ್ ಕೊಡುವುದು ಅರ್ಧ ಲೆಕ್ಕ

ತಮ್ಮಾ, ಮನೆಯ ಲೆಕ್ಕವನ್ನೆಲ್ಲ ಕಂಪ್ಯೂಟರಿಗೆ ಹಾಕಲು ಹೊರಟಿದ್ದೀಯ ಎಂದು ಕೇಳಿ ಸಂತೋಷವಾಯಿತು. ಚನ್ನಗಿರಿಯ ಅಡಿಕೆ, ಹೊನ್ನಾಳಿ–ನ್ಯಾಮತಿಯ ಭತ್ತ, ಮೆಕ್ಕೆಜೋಳ, ಜಗಳೂರಿನ ಶೇಂಗಾ, ಈರುಳ್ಳಿ, ಬೆಳೆ ಯಾವುದೇ ಇರಲಿ, ನಮ್ಮ ಕಡೆ ಈಗ ಬಹಳಷ್ಟು ದುಡ್ಡು ಬ್ಯಾಂಕ್ ಖಾತೆಯನ್ನು ಹಾದೇ ಹೋಗುತ್ತದೆ. ಅಡಿಕೆ ಬೆಳೆಗಾರರ ಸಹಕಾರ ಸಂಘ ತುಮ್ಕೋಸ್‌ಗೆ ಹಾಕಿದ ಅಡಿಕೆಯ ಹಣ, ಡೇರಿಯ ಬಟವಾಡೆ, ಪಿಎಂ ಕಿಸಾನ್ ಕಂತು, ಅಮ್ಮನ ಗೃಹಲಕ್ಷ್ಮಿ, ಗೊಬ್ಬರದಂಗಡಿಗೆ ಮಾಡಿದ ಫೋನ್‌ಪೇ, ಇಷ್ಟನ್ನೂ ಕೈಯಲ್ಲಿ ಬರೆಯುವ ಬದಲು ಬ್ಯಾಂಕಿನಿಂದಲೇ ತಂದು ತುಂಬಿಸೋಣ ಎಂದು ನಿನಗೆ ಅನ್ನಿಸಿದ್ದು ಸರಿಯೇ. ಶುರು ಮಾಡುವ ಮೊದಲು ನನ್ನ ನಾಲ್ಕು ಮಾತು ಕೇಳಿಕೋ.

ನೀನು ಆರಿಸಿಕೊಂಡ ಎಚ್‌ಲೆಡ್ಜರ್ ತಂತ್ರಾಂಶದ ಬಗ್ಗೆ ನನ್ನ ತಕರಾರಿಲ್ಲ. ಜಾನ್ ವೀಗ್ಲಿ 2003ರಲ್ಲಿ ಲೆಡ್ಜರ್ ಎಂಬ ಲೆಕ್ಕದ ತಂತ್ರಾಂಶ ಬರೆದರು, ಸೈಮನ್ ಮೈಕೆಲ್ 2007ರಲ್ಲಿ ಎಚ್‌ಲೆಡ್ಜರ್ ಶುರು ಮಾಡಿದರು, ಮಾರ್ಟಿನ್ ಬ್ಲೇ ಅವರ ಬೀನ್‌ಕೌಂಟ್ ಬಂತು. ಮೂರೂ ಉಚಿತ. ಲೆಕ್ಕ ಕೂತಿರುವುದು ಸಾದಾ ಅಕ್ಷರದ ಫೈಲಿನಲ್ಲಿ, ಆದ್ದರಿಂದ ಯಾವ ಕಂಪನಿ ಬಾಗಿಲು ಹಾಕಿದರೂ ನಿನ್ನ ಪುಸ್ತಕ ನಿನ್ನ ಬಳಿಯೇ ಉಳಿಯುತ್ತದೆ. ಎಚ್‌ಲೆಡ್ಜರ್‌ನಲ್ಲಿ ‘ಖರ್ಚು:ತೋಟ:ಕೊಯ್ಲು’ ಎಂದು ಕನ್ನಡದಲ್ಲೇ ಖಾತೆ ತೆರೆಯಬಹುದು. ಅದು ಖರ್ಚೋ ಆದಾಯವೋ ಸಾಲವೋ ಎಂಬುದನ್ನು ಮಾತ್ರ ಫೈಲಿನ ಮೇಲ್ಭಾಗದಲ್ಲಿ ಒಮ್ಮೆ ಹೇಳಿಬಿಡಬೇಕು. ಇಂಗ್ಲಿಷ್ ಹೆಸರಾದರೆ ಅದೇ ಊಹಿಸಿಕೊಳ್ಳುತ್ತದೆ, ಕನ್ನಡದ್ದು ಅದಕ್ಕೆ ತಿಳಿಯದು. ಕನ್ನಡದಲ್ಲೇ ಇಡು. ಅಪ್ಪ ಪಕ್ಕದಲ್ಲಿ ಕೂತು ಓದುವಂತಿರಬೇಕು.

ಇನ್ನು ಬ್ಯಾಂಕಿನಿಂದ ಮಾಹಿತಿ ತಂದುಕೊಡುವ ಅಕೌಂಟ್ ಅಗ್ರಿಗೇಟರ್ ವಿಷಯ. ರಿಸರ್ವ್ ಬ್ಯಾಂಕ್ ಇದರ ನಿರ್ದೇಶನ ಹೊರಡಿಸಿದ್ದು 2016ರ ಸೆಪ್ಟೆಂಬರ್‌ನಲ್ಲಿ. ವ್ಯವಸ್ಥೆ ಸಾರ್ವಜನಿಕವಾಗಿ ಚಾಲೂ ಆದದ್ದು 2021ರ ಸೆಪ್ಟೆಂಬರ್ 2ರಂದು, ಎಂಟು ಬ್ಯಾಂಕುಗಳೊಂದಿಗೆ. ಫಿನ್‌ವು, ಒನ್‌ಮನಿ ಮುಂತಾದ ಕಂಪನಿಗಳಿಗೆ ಇದಕ್ಕೆ ಪರವಾನಗಿ ಇದೆ. ನೀನು ಒಪ್ಪಿಗೆ ಕೊಟ್ಟರೆ ಅವು ನಿನ್ನ ಬ್ಯಾಂಕಿನಿಂದ ಮಾಹಿತಿ ತೆಗೆದು ಕೇಳಿದವರಿಗೆ ಮುಟ್ಟಿಸುತ್ತವೆ; ತಾವು ಅದನ್ನು ಓದುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ, ನಿನ್ನ ಪಾಸ್‌ವರ್ಡ್ ಕೇಳುವಂತಿಲ್ಲ. ವ್ಯವಸ್ಥೆ ಚೆನ್ನಾಗಿದೆ. ಆದರೆ ಮಾಹಿತಿ ಪಡೆಯುವವರು ರಿಸರ್ವ್ ಬ್ಯಾಂಕ್, ಸೆಬಿಯಂಥ ನಿಯಂತ್ರಕರಲ್ಲಿ ನೋಂದಾಯಿಸಿದ ಸಂಸ್ಥೆಯಾಗಿರಬೇಕು. ನಿನ್ನ ಮನೆಯ ಲ್ಯಾಪ್‌ಟಾಪ್ ಅಂಥ ಸಂಸ್ಥೆಯಲ್ಲ. 2016ರ ನಿರ್ದೇಶನದಲ್ಲಿ ಮಾಹಿತಿಯನ್ನು ಜೋಡಿಸಿ ‘ಗ್ರಾಹಕನಿಗೆ’ ತೋರಿಸುವುದೂ ಅಗ್ರಿಗೇಟರ್ ಕೆಲಸ ಎಂದೇ ಇದೆ, ಆದರೂ ದಾರಿ ಬೆಳೆದದ್ದು ಹೆಚ್ಚಾಗಿ ಸಾಲ ಕೊಡುವವರ ಕಡೆಗೆ. ಇದು ಬದಲಾಗಬೇಕು. ರೈತನ ಖಾತೆಯ ವಿವರ ಸಾಲದ ಕಂಪನಿಗೆ ನಿಮಿಷದಲ್ಲಿ ಸಿಗುವಷ್ಟೇ ಸಲೀಸಾಗಿ ರೈತನ ಕೈಗೂ ಸಿಗಬೇಕು.

ಅಲ್ಲಿಯವರೆಗೆ ನಿನ್ನ ಬಾಗಿಲು ನೆಟ್ ಬ್ಯಾಂಕಿಂಗ್‌ನ ಸ್ಟೇಟ್‌ಮೆಂಟ್. ಸಿಎಸ್‌ವಿ ಅಥವಾ ಎಕ್ಸೆಲ್ ಸಿಕ್ಕರೆ ಅದನ್ನೇ ಇಳಿಸಿಕೋ. ಪಿಡಿಎಫ್ ಮಾತ್ರ ಸಿಕ್ಕರೆ ನಿನ್ನ ಯಂತ್ರದಲ್ಲೇ ಅದನ್ನು ಅಕ್ಷರಕ್ಕೆ ಇಳಿಸು. ಉಚಿತವಾಗಿ ಬದಲಾಯಿಸಿಕೊಡುತ್ತೇವೆ ಎನ್ನುವ ಜಾಲತಾಣಕ್ಕೆ ಅಪ್ಪನ ಖಾತೆಯ ಸ್ಟೇಟ್‌ಮೆಂಟ್ ಏರಿಸಬೇಡ, ದಯವಿಟ್ಟು.

ತುಂಬಿಸುವಾಗ ಕಣ್ಣಿಗೆ ಬೀಳದ ತಪ್ಪುಗಳಿವೆ. ಎಚ್‌ಲೆಡ್ಜರ್‌ಗೆ ನೀನು ಏನೂ ಹೇಳದಿದ್ದರೆ, ಒಂದೇ ಒಂದು ಅಲ್ಪವಿರಾಮ ಇರುವ 2,000ವನ್ನು ಅದು ಎರಡು ಎಂದು ಓದುತ್ತದೆ. ಯುರೋಪಿನ ಕೆಲವು ದೇಶಗಳಲ್ಲಿ ದಶಮಾಂಶಕ್ಕೆ ಅಲ್ಪವಿರಾಮ ಬಳಸುತ್ತಾರೆ, ಅದಕ್ಕೆ. ಕಿಸಾನ್ ಕಂತು ಎರಡು ರೂಪಾಯಿ ಆಗಿಬಿಡುತ್ತದೆ. ದಶಮಾಂಶ ಎಂದರೆ ಚುಕ್ಕಿ ಎಂದು ಲೆಕ್ಕದ ಫೈಲಿನಲ್ಲೂ ಸಿಎಸ್‌ವಿ ನಿಯಮಗಳ ಫೈಲಿನಲ್ಲೂ ಮೊದಲೇ ಬರೆದಿಡು. ಹೋದ ತಿಂಗಳ ಸಾಲುಗಳು ಮತ್ತೆ ಬಂದರೆ ಅದು ಹಳೆಯದನ್ನು ಬಿಟ್ಟು ಹೊಸದನ್ನೇ ಸೇರಿಸಿಕೊಳ್ಳುತ್ತದೆ, ಆದರೆ ಅದು ಹಾಗೆ ಮಾಡುವುದು ತಾರೀಖು ನೋಡಿಕೊಂಡು. ಬ್ಯಾಂಕ್ ಹಿಂದಿನ ತಾರೀಖು ಹಾಕಿ ಬಡ್ಡಿ ಹಿಡಿದಿದ್ದರೆ ಆ ಸಾಲು ತಪ್ಪಿಹೋಗಬಹುದು. ಅದಕ್ಕೇ ತಿಂಗಳ ಕೊನೆಯ ಶಿಲ್ಕನ್ನು ಸ್ಟೇಟ್‌ಮೆಂಟಿನಿಂದ ನೋಡಿ ನಿನ್ನ ಫೈಲಿನಲ್ಲೂ ಬರೆ. ಎರಡೂ ತಾಳೆಯಾಗದಿದ್ದರೆ ತಂತ್ರಾಂಶವೇ ನಿಂತು ತಪ್ಪು ತೋರಿಸುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಗುಂಡಿ ಬೆಳೆ ಸಾಲದ ನವೀಕರಣ. ನಮ್ಮಲ್ಲಿ ಅದು ಹೇಗೆ ನಡೆಯುತ್ತದೆ ಎಂದು ನಿನಗೆ ಗೊತ್ತು. ಗಡುವಿನೊಳಗೆ ಕಟ್ಟಿದರೆ ₹3 ಲಕ್ಷದವರೆಗಿನ ಕಿಸಾನ್ ಕಾರ್ಡ್ ಸಾಲದ ಬಡ್ಡಿ ಶೇ 7ರಿಂದ 4ಕ್ಕೆ ಇಳಿಯುತ್ತದೆ, ಹಾಗಾಗಿ ಮಂಡಿಯ ಸಾಹುಕಾರರಿಂದ ಮೂರು ಲಕ್ಷ ಕೈಗಡ ತಂದು ಕಟ್ಟುತ್ತಾರೆ. ಮಾರನೇ ದಿನ ಅದೇ ಮೂರು ಲಕ್ಷ ಮತ್ತೆ ಎತ್ತಿ ಸಾಹುಕಾರರಿಗೆ ಮುಟ್ಟಿಸುತ್ತಾರೆ. ಈಗ ಸ್ಟೇಟ್‌ಮೆಂಟ್ ನೋಡು. ಉಳಿತಾಯ ಖಾತೆಯಲ್ಲಿ ಮೂರು ಲಕ್ಷ ಜಮಾ, ಮೂರು ಲಕ್ಷ ಖರ್ಚು, ಮತ್ತೆ ಜಮಾ, ಮತ್ತೆ ಖರ್ಚು. ಸಾಲದ ಖಾತೆಯಲ್ಲಿ ಒಂದು ಜಮಾ, ಒಂದು ಖರ್ಚು. ಜಮಾ ಆದದ್ದೆಲ್ಲ ಆದಾಯ ಎಂದು ನಿಯಮ ಬರೆದಿಟ್ಟಿದ್ದರೆ ಎರಡು ದಿನದಲ್ಲಿ ಒಂಬತ್ತು ಲಕ್ಷ ಆದಾಯ, ಒಂಬತ್ತು ಲಕ್ಷ ಖರ್ಚು ಬರುತ್ತದೆ. ನಿಜವಾಗಿ ಮನೆಗೆ ಬಂದದ್ದು ಏನೂ ಇಲ್ಲ, ಹೋದದ್ದು ಬಡ್ಡಿಯಷ್ಟೇ. ‘ವರ್ಗಾವಣೆ’ ಎಂದೊಂದು ನಡುವಿನ ಖಾತೆ ತೆರೆ. ಮನೆಯ ಒಂದು ಖಾತೆಯಿಂದ ಇನ್ನೊಂದಕ್ಕೆ ಹೋದದ್ದು ಎರಡೂ ಕಡೆಯಿಂದ ಅದರೊಳಗೆ ಬಂದು ಸೊನ್ನೆಯಾಗಬೇಕು. ಆಗದಿದ್ದರೆ ಯಾವುದೋ ಸ್ಟೇಟ್‌ಮೆಂಟ್ ಬಾಕಿ ಇದೆ ಎಂದೇ ಅರ್ಥ. ಸಾಹುಕಾರರ ಕೈಗಡಕ್ಕೆ ‘ಸಾಲ:ಮಂಡಿ’ ಬೇರೆಯೇ ಇರಲಿ.

ಬ್ಯಾಂಕಿಗೆ ಗೊತ್ತಿಲ್ಲದ್ದು ಇನ್ನೂ ಬಹಳ ಇದೆ. ಜಗಳೂರಿನಿಂದ ಈರುಳ್ಳಿ ಲೋಡು ಬೆಂಗಳೂರಿಗೆ ಹೋಯಿತು ಅನ್ನು. ಲಾರಿ ಬಾಡಿಗೆ, ಹಮಾಲಿ, ಮೊದಲೇ ಪಡೆದ ಮುಂಗಡ ಎಲ್ಲ ಮುರಿದುಕೊಂಡು ಉಳಿದದ್ದಷ್ಟೇ ಖಾತೆಗೆ ಬೀಳುತ್ತದೆ. ಅದೊಂದೇ ಅಂಕಿ ತುಂಬಿಸಿಕೊಂಡರೆ, ಮುಂದಿನ ವರ್ಷ ದಾವಣಗೆರೆಯಲ್ಲೇ ಮಾರೋಣವೇ ಎಂಬ ಪ್ರಶ್ನೆಗೆ ನಿನ್ನ ಪುಸ್ತಕದಲ್ಲಿ ಉತ್ತರ ಇರುವುದಿಲ್ಲ. ಮಂಡಿಯ ಪಟ್ಟಿ ತೆಗೆದು ಒಟ್ಟು ಮಾರಾಟ ಎಷ್ಟು, ಯಾವುದಕ್ಕೆ ಎಷ್ಟು ಮುರಿದರು ಎಂದು ಬಿಡಿಸಿ ಬರೆ. ಅಡಿಕೆ ಮನೆಗಳಲ್ಲೂ ಇದೇ ಕಥೆ. ಕೊಯ್ಲಿನ ಕಾಲಕ್ಕೆ ನಲವತ್ತು ಸಾವಿರ ಡ್ರಾ ಮಾಡಿದ್ದು ಬ್ಯಾಂಕಿಗೆ ಒಂದು ಸಾಲು. ಕೊಯ್ಯುವವರಿಗೆ ಎಷ್ಟು, ಸುಲಿಯುವವರಿಗೆ ಎಷ್ಟು, ಬೇಯಿಸಲು ಸೌದೆಗೆ ಎಷ್ಟು ಎಂಬುದು ಅಮ್ಮನ ನೆನಪಿನಲ್ಲಿ ಮಾತ್ರ ಇರುತ್ತದೆ, ಅದೂ ಒಂದು ವಾರ. ಅವತ್ತೇ ಸಂಜೆ ಕೇಳಿ ಬರೆದುಕೋ. ಊರಿನ ಪತ್ತಿನ ಸಹಕಾರ ಸಂಘದ ಸಾಲವಂತೂ ಅಗ್ರಿಗೇಟರ್ ದಾರಿಯಲ್ಲಿ ಬರುವುದೇ ಇಲ್ಲ. ಪಾಸ್‌ಬುಕ್ ನೋಡಿ ಕೈಯಲ್ಲೇ ಹಾಕಬೇಕು.

ಕೊನೆಗೆ ಒಪ್ಪಿಗೆಯ ಮಾತು. ಟ್ರ್ಯಾಕ್ಟರ್ ಸಾಲವೋ ಚಿನ್ನದ ಸಾಲವೋ ಕೇಳಲು ಹೋದಾಗ ಎದುರಿಗೆ ಕೂತವರು ಅಪ್ಪನ ಫೋನ್ ಇಸಿದುಕೊಂಡು ಓಟಿಪಿ ಒತ್ತಿಬಿಡುತ್ತಾರೆ. ಫೋನ್ ಕೊಡಬೇಡಿ ಎಂದು ಅಪ್ಪನಿಗೆ ಹೇಳಿಡು. ಒಪ್ಪಿಗೆ ಕೇಳುವ ಪರದೆಯ ಮೇಲೆ ಯಾವ ಕಾರಣಕ್ಕೆ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗಿನ ವಿವರ, ಒಂದೇ ಸಲವೋ ಪದೇ ಪದೇಯೋ, ಒಪ್ಪಿಗೆ ಎಂದಿಗೆ ಮುಗಿಯುತ್ತದೆ ಎಂದು ಬರೆದಿರುತ್ತದೆ. ಸಾಲ ಮಂಜೂರು ಮಾಡಲು ಒಂದು ಸಲ ನೋಡಿದರೆ ಸಾಕಾದೀತು. ಸಾಲ ಇರುವಷ್ಟು ದಿನ ನಿಗಾ ಇಡುತ್ತೇವೆ ಎಂದರೆ ಯಾಕೆ ಎಂದು ಕೇಳು. ಕೊಟ್ಟ ಒಪ್ಪಿಗೆಯನ್ನು ಅಗ್ರಿಗೇಟರ್ ಆ್ಯಪ್‌ನಲ್ಲೇ ಹಿಂದಕ್ಕೆ ಪಡೆಯಬಹುದು. ಮನೆಯ ಎಲ್ಲರ ಆ್ಯಪ್ ತೆರೆದು, ಹಳೆಯ ಒಪ್ಪಿಗೆಗಳಲ್ಲಿ ಬೇಡವಾದದ್ದನ್ನು ರದ್ದು ಮಾಡು.

ಹತ್ತು ವರ್ಷದ ಹಳೆಯ ಲೆಕ್ಕವನ್ನೆಲ್ಲ ಎಳೆದು ತರಬೇಡ. ಈ ವರ್ಷದ ಏಪ್ರಿಲ್ 1ರ ಶಿಲ್ಕು ಹಿಡಿದು, ಅಪ್ಪನ ಉಳಿತಾಯ ಖಾತೆ ಮತ್ತು ಸಾಲದ ಖಾತೆ ಎರಡರಿಂದಲೇ ಶುರು ಮಾಡು. ಅವೆರಡೂ ತಾಳೆಯಾದ ಮೇಲೆ ಅಮ್ಮನ ಖಾತೆ ಸೇರಿಸು, ಅವರನ್ನು ಕೇಳಿ.