ಮತ್ತೆ ಬನ್ನಿ ಅಂದರೆ ಕೈಯಲ್ಲಿ ಎಷ್ಟಿರಬೇಕು?

ಸ್ತನದ ತಪಾಸಣೆಗೆ ನಮ್ಮೂರಲ್ಲಿ ದುಡ್ಡು ಕೊಡಬೇಕಿಲ್ಲ. 30 ದಾಟಿದ ಹೆಣ್ಣುಮಕ್ಕಳಿಗೆ ಬಿಪಿ, ಶುಗರ್ ಜೊತೆಗೆ ಇದನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೈಯಿಂದ ಮುಟ್ಟಿ ನೋಡುತ್ತಾರೆ. ಕಾಯಿಲೆ ಇದೆ ಎಂದು ಖಚಿತವಾದರೆ ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಕೈಯಿಂದ ಖರ್ಚಾಗುವುದು ಇವೆರಡರ ನಡುವೆ. ‘ಗಂಟಿನ ಹಾಗಿದೆ, ದೊಡ್ಡಾಸ್ಪತ್ರೆಯಲ್ಲಿ ತೋರಿಸಿ’ ಎಂದು ಚೀಟಿ ಬರೆದುಕೊಟ್ಟ ದಿನದಿಂದ ಬಯಾಪ್ಸಿ ವರದಿ ಬರುವ ದಿನದವರೆಗೆ. ದಾಖಲಾಗದೆ ಹೊರರೋಗಿಯಾಗಿ ಮಾಡಿಸುವ ಪರೀಕ್ಷೆಗಳು ಸಾಮಾನ್ಯವಾಗಿ ಈ ಯೋಜನೆಯ ಕಾರ್ಡಿನೊಳಗೆ ಬರುವುದಿಲ್ಲ. ನಮ್ಮ ಮರಳವಾಡಿ ಕಡೆಯ ಹೆಂಗಸರು ಹೆಜ್ಜೆ ಹಿಂದೆ ತೆಗೆಯುವುದು ಅಲ್ಲೇ.

ನನಗೆ ಚೀಟಿ ಬಂದಾಗ ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರ ಎದ್ದು, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು, ಸೊಪ್ಪು ಮೇಯುತ್ತಿತ್ತು. ‘ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋಗಿ ಬರ್ಲಿ ಅತ್ತಿಗೆ, ದುಡ್ಡು ಬಂದ್ಮೇಲೆ ಹೋದ್ರಾಯ್ತು’ ಅಂದಳು ನಾದಿನಿ. ಪ್ರೀತಿಯಿಂದಲೇ ಅಂದಳು. ಆದರೆ ಗೂಡಿನ ದುಡ್ಡು ಮನೆಗೆ ಬರುವ ಮೊದಲೇ ಅದಕ್ಕೆ ಗೊಬ್ಬರದ ಅಂಗಡಿ, ಸಂಘದ ಕಂತು, ಮಕ್ಕಳ ಫೀಜು ಕಾದು ಕೂತಿರುತ್ತವೆ. ಆ ಸಾಲಿನಲ್ಲಿ ಹೆಂಗಸಿನ ಪರೀಕ್ಷೆಗೆ ಕೊನೆಯ ಜಾಗ, ಅಷ್ಟರಲ್ಲಿ ಮುಂದಿನ ಬೆಳೆಯ ಚಾಕಿ ಮರಿಹುಳು ಬಂದಿರುತ್ತದೆ. ಪ್ರತಿ ಬೆಳೆಯಲ್ಲೂ ಒಂದಿಷ್ಟನ್ನು ನನ್ನ ಹೆಸರಿನ ಖಾತೆಗೆ ಹಾಕಿಡುತ್ತಿದ್ದೆ. ಅದರಿಂದ 15,000 ತೆಗೆದು ಆ ವಾರವೇ ಹೊರಟೆ. ಗೃಹಲಕ್ಷ್ಮಿಯ 2,000 ನಿಮ್ಮದೇ ಖಾತೆಗೆ ಬರುತ್ತಿದ್ದರೆ ಅದರಲ್ಲೂ ಸ್ವಲ್ಪ ಹೀಗೆ ನಿಲ್ಲಿಸಿಕೊಳ್ಳಬಹುದು.

ದೊಡ್ಡಾಸ್ಪತ್ರೆಯಲ್ಲಿ ಏನಾಗುತ್ತದೆ ಎಂದು ಗೊತ್ತಿದ್ದರೆ ಯಾವುದಕ್ಕೆ ದುಡ್ಡು ಕೇಳುತ್ತಾರೆ ಎಂಬುದೂ ತಿಳಿಯುತ್ತದೆ. ಮೊದಲು ಡಾಕ್ಟರು ಎರಡೂ ಸ್ತನ, ಕಂಕುಳು ಮುಟ್ಟಿ ನೋಡುತ್ತಾರೆ. ಆಮೇಲೆ ಮ್ಯಾಮೊಗ್ರಾಮ್: ಎರಡು ಹಲಗೆಗಳ ನಡುವೆ ಸ್ತನವನ್ನು ಒತ್ತಿ ತೆಗೆಯುವ ಎಕ್ಸ್‌ರೇ. ಒತ್ತುವಾಗ ನೋಯುತ್ತದೆ, ಆದರೆ ಕೆಲವೇ ಕ್ಷಣ. ಅವತ್ತು ಕಂಕುಳಿಗೆ ಪೌಡರ್ ಹಾಕಿಕೊಳ್ಳಬೇಡಿ, ಅದು ಚಿತ್ರದಲ್ಲಿ ಚುಕ್ಕೆಯಾಗಿ ಕಾಣಬಹುದು. ಜೊತೆಗೆ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್. ಚಿಕ್ಕ ವಯಸ್ಸಿನವರಿಗೆ ಸಾಮಾನ್ಯವಾಗಿ ಇದನ್ನೇ ಮೊದಲು ಮಾಡುತ್ತಾರೆ. ವರದಿಯಲ್ಲಿ ಬೈರಾಡ್ಸ್ ಎಂಬ ಅಂಕಿ ಇರುತ್ತದೆ. 1 ಅಥವಾ 2 ಆದರೆ ನಿಶ್ಚಿಂತೆ. 3 ಆದರೆ ಕ್ಯಾನ್ಸರ್ ಇರುವ ಸಾಧ್ಯತೆ ನೂರಕ್ಕೆ ಎರಡಕ್ಕಿಂತ ಹೆಚ್ಚಿಲ್ಲ, ಸಾಮಾನ್ಯವಾಗಿ ಆರು ತಿಂಗಳಿಗೆ ಮತ್ತೆ ನೋಡುತ್ತಾರೆ. 4, 5 ಆದರೆ ಬಯಾಪ್ಸಿ. 0 ಅಂದರೆ ಇನ್ನೊಂದು ಚಿತ್ರ ಬೇಕು ಅಥವಾ ಹಳೆಯದರ ಜೊತೆ ಹೋಲಿಸಬೇಕು ಎಂದಷ್ಟೇ. ಹಳೆಯ ಫಿಲ್ಮು, ವರದಿ ಇದ್ದರೆ ಒಯ್ಯಿರಿ, ಒಂದು ಪರೀಕ್ಷೆಯ ದುಡ್ಡೇ ಉಳಿಯಬಹುದು.

ನನ್ನದು 4 ಬಂತು. ಆ ಜಾಗ ಮರಗಟ್ಟಲು ಇಂಜೆಕ್ಷನ್ ಕೊಟ್ಟು, ಸ್ಕ್ಯಾನಿಂಗ್ ನೋಡುತ್ತಾ ಸೂಜಿಯಿಂದ ಎಳೆಯಷ್ಟು ಮಾಂಸ ತೆಗೆದರು. ಸೂಜಿ ಬಿಡುವಾಗ ಟಕ್ಕೆಂದು ಸದ್ದಾಗುತ್ತದೆ. ಮೊದಲೇ ಹೇಳಿದ್ದರಿಂದ ನಾನು ಬೆಚ್ಚಲಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಇದನ್ನು ಮುಂಚೆಯೇ ಹೇಳಬೇಕು. ಒಂದೆರಡು ದಿನ ಭಾರ ಎತ್ತಬಾರದು ಅಂದರು. ಹಾಗಾಗಿ ಸೊಪ್ಪಿನ ಹೊರೆಗೆ ಕೂಲಿಯಾಳು ಬೇಕಾಯಿತು. ಆಸ್ಪತ್ರೆಯ ಬಿಲ್ಲಿನಲ್ಲಿ ಕಾಣದ ಈ ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಸಾರಿಗೆ ಸಂಸ್ಥೆಯ ಬಸ್ಸು ಶಕ್ತಿ ಯೋಜನೆಯಲ್ಲಿ ನಮಗೆ ಉಚಿತ. ಜೊತೆಗೆ ಬರುವ ಗಂಡಸಿಗೆ ಟಿಕೆಟ್ಟು, ರೇಷ್ಮೆ ಸಂಸ್ಥೆ ನಿಲ್ದಾಣದಿಂದ ಮುಂದಕ್ಕೆ ಮೆಟ್ರೊ, ಆಟೊ, ಊಟ ಎಲ್ಲಕ್ಕೂ ದುಡ್ಡು.

ಒಂದು ಖಾಸಗಿ ಲ್ಯಾಬಿನಲ್ಲಿ ಡಾಕ್ಟರು ಬರೆಯದ ರಕ್ತಪರೀಕ್ಷೆಗಳನ್ನೂ ಸೇರಿಸಿ ಪ್ಯಾಕೇಜ್ ಹೇಳಿದರು. ‘ಚೀಟಿಯಲ್ಲಿರೋದಕ್ಕೆ ಮಾತ್ರ ಬಿಲ್ ಹಾಕಿ’ ಅಂದೆ. ನೀವೂ ಹಾಗೇ ಅನ್ನಿ. ಬಯಾಪ್ಸಿಗೆ ಮೊದಲು ದರ ಕೇಳುವಾಗ ವರದಿಯ ಶುಲ್ಕವೂ ಸೇರಿದೆಯೇ ಎಂದು ಕೇಳಿ, ಅದು ಬೇರೆಯಾಗಿರುವುದುಂಟು. ಮುಂದೆ ಬೇರೆ ಆಸ್ಪತ್ರೆಗೆ ಹೋಗಬೇಕಾದರೆ ತೆಗೆದ ಮಾಂಸದ ಸ್ಲೈಡು, ಬ್ಲಾಕು ಕೇಳಿ ಪಡೆಯಿರಿ. ಇಲ್ಲವಾದರೆ ಮತ್ತೆ ಸೂಜಿ, ಮತ್ತೆ ದುಡ್ಡು ಆಗಬಹುದು.

ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ಮಗನಿಗೋ ಗಂಡನಿಗೋ ಇಎಸ್‌ಐ ಇದ್ದರೆ ಮೊದಲು ಆ ದಾರಿ ಹಿಡಿಯಿರಿ. ಅದರಲ್ಲಿ ಹೊರರೋಗಿ ಪರೀಕ್ಷೆಗಳೂ ಸೇರಿವೆ. ಹೆಂಡತಿಗೆ, ಆಶ್ರಿತ ತಾಯಿಗೂ ಅನ್ವಯಿಸುತ್ತದೆ. ಖಾಸಗಿ ವಿಮೆ ಇದ್ದರೆ ಒಂದು ಚೂರು ಬಿಲ್ಲೂ ಬಿಸಾಡಬೇಡಿ. ಅದೇ ಕಾಯಿಲೆಗೆ ದಾಖಲಾದರೆ, ಅದಕ್ಕೆ ಮುಂಚಿನ 30 ದಿನಗಳ ಖರ್ಚನ್ನು ಹಲವು ಪಾಲಿಸಿಗಳು ಕೊಡುತ್ತವೆ, ಕೆಲವು 60 ದಿನಗಳದ್ದನ್ನೂ. ಚೀಟಿ ಬಂದ ಮೇಲೆ ಹೊಸ ಪಾಲಿಸಿ ಮಾಡಿಸಿ ವಿಷಯ ಮುಚ್ಚಿಡಿ ಎಂದು ಏಜೆಂಟರು ಹೇಳಿದರೆ ಒಪ್ಪಬೇಡಿ. ಕ್ಲೇಮು ತಿರಸ್ಕರಿಸಲು ಅದೇ ಕಾರಣವಾಗುತ್ತದೆ. ಆಯುಷ್ಮಾನ್ ಕಾರ್ಡಿನಲ್ಲಿ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ, ತುರ್ತು ಸ್ಥಿತಿ ಬಿಟ್ಟು, ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಎಪಿಎಲ್‌ನವರಿಗೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ ಶೇ 30 ಮಾತ್ರ, ವರ್ಷಕ್ಕೆ ಕುಟುಂಬಕ್ಕೆ 1.5 ಲಕ್ಷದವರೆಗೆ. ಹೀಗಾಗಿ ಅವರು ಎತ್ತಿಡುವ ದುಡ್ಡು ಇನ್ನೂ ದೊಡ್ಡದಿರಬೇಕು.

ಮರುಪರೀಕ್ಷೆಗೆ ಕರೆದವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. ನನಗೂ ಇರಲಿಲ್ಲ. ಆದರೂ ಆರು ತಿಂಗಳಿಗೆ ಮತ್ತೆ ಸ್ಕ್ಯಾನಿಂಗ್ ಬರೆದಿದ್ದಾರೆ. ಅದರ ದುಡ್ಡನ್ನು ಈ ಬೆಳೆಯ ಗೂಡಿನಲ್ಲೇ ಎತ್ತಿಟ್ಟಿದ್ದೇನೆ. ಆ ವಾರವೇ ಹುಳು ಹಣ್ಣಾಗಿ ಗೂಡು ಕಟ್ಟದಂತೆ ಚಾಕಿ ತರುವ ದಿನವನ್ನು ಹತ್ತು ದಿನ ಮುಂದಕ್ಕೆ ಹಾಕಲು ಯಜಮಾನರೂ ಒಪ್ಪಿದ್ದಾರೆ.